1766319049: ಭಾಸ್ಕರನ ಜ್ಯೇಷ್ಠಮೂಲ

1766319049 ಹತ್ತು ಅಂಕಿಗಳ ಒಂದು ಪೂರ್ಣಸಂಖ್ಯೆ. ಬಾಯಲ್ಲಿ ಹೇಳುವಾಗ 176 ಕೋಟಿ 63 ಲಕ್ಷ 19 ಸಾವಿರದ 49. ಭಾರತೀಯ ಬೀಜಗಣಿತದ ಒಂದು ಪ್ರಸಿದ್ಧ ಲೆಕ್ಕಕ್ಕೆ ಇದು ಉತ್ತರ. ಯಾವ ಸಂಖ್ಯೆಯ ವರ್ಗವನ್ನು 61ರಿಂದ ಗುಣಿಸಿ 1 ಕೂಡಿಸಿದರೆ ಮತ್ತೆ ಒಂದು ಪೂರ್ಣವರ್ಗವೇ ಬರುತ್ತದೆ ಎಂಬುದು ಲೆಕ್ಕ. ಸೊನ್ನೆಯನ್ನು ಬಿಟ್ಟರೆ ಅಂಥ ಅತಿ ಚಿಕ್ಕ ಸಂಖ್ಯೆ 226153980, ಮತ್ತು ಅದರಿಂದ ಬರುವ ವರ್ಗದ ಮೂಲ 1766319049. ಹಳೆಯ ಪರಿಭಾಷೆಯಲ್ಲಿ 61 ‘ಪ್ರಕೃತಿ’, 226153980 ‘ಕನಿಷ್ಠಮೂಲ’, 1766319049 ‘ಜ್ಯೇಷ್ಠಮೂಲ’, ಕೂಡಿಸಿದ 1 ‘ಕ್ಷೇಪ’. ಇಂಥ ಲೆಕ್ಕಗಳಿಗೆಲ್ಲ ವರ್ಗಪ್ರಕೃತಿ ಎಂದು ಹೆಸರು.

ಭಾಸ್ಕರಾಚಾರ್ಯ 1150ರಲ್ಲಿ ಮುಗಿಸಿದ ಸಿದ್ಧಾಂತ ಶಿರೋಮಣಿಯ ಬೀಜಗಣಿತ ಭಾಗದಲ್ಲಿ ಈ ಸಂಖ್ಯೆ ಇದೆ. ಐದು ಶತಮಾನಗಳ ನಂತರ ಯುರೋಪ್ ಇದನ್ನು ಸ್ವತಂತ್ರವಾಗಿ ಕಂಡುಕೊಂಡಿತು. ಭಾಸ್ಕರನ ಪುಟಗಳಲ್ಲಿ ಅದು ಮೊದಲೇ ಇತ್ತು ಎಂಬ ಸಂಗತಿ ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಕಲ್ಕತ್ತಾದ ಸಂಸ್ಕೃತ ವ್ಯಾಸಂಗದ ಮೂಲಕ ಹೊರಜಗತ್ತಿಗೆ ತಿಳಿಯಿತು. ಭಾಸ್ಕರನ ದಾರಿ ಯಾವ ಪ್ರಕೃತಿಯಲ್ಲೂ ತಪ್ಪದೆ ಗುರಿ ಮುಟ್ಟುತ್ತದೆ ಎಂಬ ಸಾಧನೆ ಬಂದದ್ದು ಮೈಸೂರಿನಿಂದ.

ಸಂಖ್ಯೆಯ ಸ್ವಭಾವವನ್ನು ಮೊದಲು ನೋಡಬಹುದು. ಇದು ಅವಿಭಾಜ್ಯವಲ್ಲ. 11, 59, 1523, 1787 ಎಂಬ ನಾಲ್ಕು ಅವಿಭಾಜ್ಯಗಳ ಗುಣಲಬ್ಧ ಇದು. ಆದ್ದರಿಂದ ಇದಕ್ಕೆ 16 ಭಾಜಕಗಳು. ಈ ನಾಲ್ಕನ್ನೂ ಒಂದೊಂದಾಗಿ 24ರಿಂದ ಭಾಗಿಸಿದರೆ ಪ್ರತಿ ಸಲವೂ 11 ಶೇಷ ಉಳಿಯುತ್ತದೆ. ಇದಕ್ಕೆ ಕಾರಣದ ಒಂದು ಭಾಗ ಸಂಖ್ಯೆಯ ಪಕ್ಕದಲ್ಲೇ ಇದೆ. ಅದಕ್ಕಿಂತ ಒಂದು ಕಡಿಮೆಯಾದ 1766319048 ಎಂಬುದು 29718ರ ವರ್ಗದ ಸರಿಯಾಗಿ ಎರಡರಷ್ಟು. ವರ್ಗದ ಎರಡರಷ್ಟಕ್ಕೆ ಒಂದು ಕೂಡಿಸಿದ ಸಂಖ್ಯೆಯ ಯಾವ ಅವಿಭಾಜ್ಯ ಭಾಜಕವನ್ನು 8ರಿಂದ ಭಾಗಿಸಿದರೂ 1 ಅಥವಾ 3 ಮಾತ್ರ ಉಳಿಯಬೇಕೆಂಬುದು ನಿಯಮ. ಇಲ್ಲಿ ನಾಲ್ಕಕ್ಕೂ 3 ಉಳಿಯುತ್ತದೆ. ಇನ್ನೊಂದು ಪಕ್ಕದ 1766319050 ಕೂಡ ಸಾಮಾನ್ಯದ್ದಲ್ಲ: ಅದು 3805ರ ವರ್ಗದ 122 ಪಟ್ಟು, ಅಂದರೆ 61ರ ಎರಡರಷ್ಟು ಪಟ್ಟು. ಒಂದು ಕಡೆ ವರ್ಗದ ಎರಡರಷ್ಟು, ಇನ್ನೊಂದು ಕಡೆ ವರ್ಗದ 122ರಷ್ಟು, ನಡುವೆ ಈ ಸಂಖ್ಯೆ. 29718 ಮತ್ತು 3805 ಎರಡೂ ಭಾಸ್ಕರನ ಲೆಕ್ಕದಲ್ಲಿ ದಾರಿಯ ನಡುವೆ ಸಿಗುವ ಸಂಖ್ಯೆಗಳೇ.

ಜ್ಯೇಷ್ಠಮೂಲದ ವರ್ಗ 3119882982860264401. ಕನಿಷ್ಠಮೂಲದ ವರ್ಗ 51145622669840400. ಅದರ 61 ಪಟ್ಟು 3119882982860264400. ಹತ್ತೊಂಬತ್ತು ಅಂಕಿಗಳ ಎರಡು ಸಂಖ್ಯೆಗಳ ನಡುವೆ ಇರುವ ಅಂತರ ಬರೀ ಒಂದು. ಕಚೇರಿಗಳಲ್ಲಿ ಬಳಸುವ ಸ್ಪ್ರೆಡ್‌ಶೀಟ್ ಹದಿನೈದು ಅಂಕಿಗಳನ್ನಷ್ಟೇ ನಿಖರವಾಗಿ ಹಿಡಿಯುವುದರಿಂದ ಅದರಲ್ಲಿ ಈ ಒಂದು ಕಾಣಿಸುವುದೇ ಇಲ್ಲ. ಜ್ಯೇಷ್ಠವನ್ನು ಕನಿಷ್ಠದಿಂದ ಭಾಗಿಸಿದರೆ 61ರ ವರ್ಗಮೂಲ ದಶಮಾಂಶದ ಹದಿನೇಳು ಸ್ಥಾನಗಳವರೆಗೆ ಸರಿಯಾಗಿ ಬರುತ್ತದೆ: 7.81024967590665439. ವರ್ಗಮೂಲವನ್ನು ಭಿನ್ನರಾಶಿಯಿಂದ ಹತ್ತಿರ ಹತ್ತಿರ ಹಿಡಿಯುವುದೇ ವರ್ಗಪ್ರಕೃತಿಯ ಉಪಯೋಗಗಳಲ್ಲಿ ಒಂದಾಗಿತ್ತು.

ಕನ್ನಡನಾಡಿಗೆ ದೊಡ್ಡ ಸಂಖ್ಯೆಗಳ ಮೇಲಿನ ಪ್ರೀತಿ ಹೊಸದಲ್ಲ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ಗಣಿತಸಾರಸಂಗ್ರಹದಲ್ಲಿ ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗುವ ಸಂಖ್ಯೆಗಳನ್ನು ಗುಣಾಕಾರದಿಂದ ಪಡೆದು, ಅವನ್ನು ಕೊರಳ ಹಾರಗಳೆಂದು ಕರೆದಿದ್ದಾನೆ. 27994681ನ್ನು 441ರಿಂದ ಗುಣಿಸಿದರೆ 12345654321 ಬರುತ್ತದೆ. ಆ ಚೆಲುವು ಅಂಕಿಗಳ ಜೋಡಣೆಯಲ್ಲಿದೆ, ಹತ್ತರ ಆಧಾರದಲ್ಲಿ ಬರೆಯುವ ರೂಢಿಯಲ್ಲಿದೆ. ಬೇರೆ ಆಧಾರದಲ್ಲಿ ಬರೆದರೆ ಹಾರ ಕಳಚುತ್ತದೆ. 1766319049ರ ಅಂಕಿಗಳಲ್ಲಿ ಅಂಥ ಯಾವ ಅಲಂಕಾರವೂ ಇಲ್ಲ. ಅದರ ಗುಣವೆಲ್ಲ 61ರೊಂದಿಗಿನ ಸಂಬಂಧದಲ್ಲಿದೆ. ಯಾವ ಲಿಪಿಯಲ್ಲಿ, ಯಾವ ಆಧಾರದಲ್ಲಿ ಬರೆದರೂ ಆ ಸಂಬಂಧ ಬದಲಾಗುವುದಿಲ್ಲ.

61 ಯಾಕೆ ಇಷ್ಟು ಹಟಮಾರಿ ಎಂಬುದು ಅದರ ಅಕ್ಕಪಕ್ಕವನ್ನು ನೋಡಿದಾಗ ತಿಳಿಯುತ್ತದೆ. ಪ್ರಕೃತಿ 60 ಆದರೆ ಉತ್ತರ ಬೆರಳ ತುದಿಯಲ್ಲಿದೆ: 4ರ ವರ್ಗದ 60 ಪಟ್ಟು 960, ಒಂದು ಕೂಡಿಸಿದರೆ 961, ಅದು 31ರ ವರ್ಗ. ಪ್ರಕೃತಿ 62 ಆದರೆ 8ರ ವರ್ಗದ 62 ಪಟ್ಟು 3968, ಒಂದು ಕೂಡಿಸಿದರೆ 63ರ ವರ್ಗ. ಇವೆರಡರ ನಡುವಿನ 61ಕ್ಕೆ ಉತ್ತರ ಒಮ್ಮೆಲೇ ನೂರಾರು ಕೋಟಿಗೆ ಜಿಗಿಯುತ್ತದೆ. 108ರವರೆಗಿನ ಬೇರೆ ಯಾವ ಪ್ರಕೃತಿಗೂ ಇಷ್ಟು ದೊಡ್ಡ ಮೊದಲ ಉತ್ತರ ಇಲ್ಲ. 109 ಬಂದಾಗ ಮಾತ್ರ ಈ ದಾಖಲೆ ಮುರಿಯುತ್ತದೆ. ಅಲ್ಲಿ ಜ್ಯೇಷ್ಠಮೂಲ 158070671986249.

ಹೀಗಾಗಿ 61ರ ಉತ್ತರವನ್ನು ಯಾರೂ ಎಡವಿ ಕಂಡುಕೊಳ್ಳಲಾರರು. ಒಂದು, ಎರಡು, ಮೂರು ಎಂದು ಕ್ರಮವಾಗಿ ಕನಿಷ್ಠಮೂಲವನ್ನು ಪರೀಕ್ಷಿಸುತ್ತ ಹೋಗುವವರು, ನಿಮಿಷಕ್ಕೊಂದರಂತೆ ಹಗಲೂ ರಾತ್ರಿ ಬಿಡದೆ ಲೆಕ್ಕ ಹಾಕಿದರೂ, ಉತ್ತರ ಮುಟ್ಟಲು ಸುಮಾರು 430 ವರ್ಷ ಬೇಕು. ಹನ್ನೆರಡನೇ ಶತಮಾನದ ಒಂದು ಗ್ರಂಥದಲ್ಲಿ ಈ ಸಂಖ್ಯೆ ಕಂಡರೆ ಅದರ ಹಿಂದೆ ವಿಧಾನವೊಂದು ಇತ್ತೆಂದು ಒಪ್ಪಲೇಬೇಕು. ಗಣಿತದ ಇತಿಹಾಸದಲ್ಲಿ ಯಾರು ಏನನ್ನು ಯಾವಾಗ ಬಲ್ಲವರಾಗಿದ್ದರು ಎಂಬ ವಾದಗಳು ಸಾಮಾನ್ಯವಾಗಿ ಪದಗಳ ಅರ್ಥದ ಮೇಲೆ ನಿಲ್ಲುತ್ತವೆ, ಟೀಕಾಕಾರರ ಮೇಲೆ ನಿಲ್ಲುತ್ತವೆ. ಇಲ್ಲಿ ಸಂಖ್ಯೆಯೇ ಸಾಕ್ಷಿ, ಮತ್ತು ಆ ಸಾಕ್ಷಿಯನ್ನು ಯಾರು ಬೇಕಾದರೂ ಕಾಗದದ ಮೇಲೆ ಪರೀಕ್ಷಿಸಬಹುದು.

ವಿಧಾನದ ಬೇರು ಬ್ರಹ್ಮಗುಪ್ತನಲ್ಲಿದೆ. 628ರ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಅವನು ಎರಡು ಉತ್ತರಗಳನ್ನು ಬೆಸೆದು ಮೂರನೆಯದನ್ನು ಹುಟ್ಟಿಸುವ ‘ಭಾವನಾ’ ಕ್ರಮವನ್ನು ಕೊಟ್ಟ. ಒಂದು ಜೋಡಿಗೆ ಒಂದು ಕ್ಷೇಪ, ಇನ್ನೊಂದು ಜೋಡಿಗೆ ಇನ್ನೊಂದು ಕ್ಷೇಪ ಇದ್ದರೆ, ಬೆಸೆದ ಜೋಡಿಗೆ ಅವೆರಡರ ಗುಣಲಬ್ಧ ಕ್ಷೇಪವಾಗುತ್ತದೆ. ಪ್ರಕೃತಿ 92 ಇರುವ ಲೆಕ್ಕವನ್ನು ವರ್ಷದೊಳಗೆ ಬಿಡಿಸಿದವನೇ ಗಣಿತಜ್ಞ ಎಂದ ಬ್ರಹ್ಮಗುಪ್ತ. ಅದರ ಉತ್ತರ 120 ಮತ್ತು 1151. ಆದರೆ ಭಾವನಾ ಕ್ರಮಕ್ಕೆ ಕೈಹಿಡಿಯಲು ಅನುಕೂಲವಾದ ಒಂದು ಆರಂಭ ಬೇಕು. ಆ ಆರಂಭವನ್ನು ಖಚಿತವಾಗಿ ಒದಗಿಸುವುದು ಚಕ್ರವಾಲ. ಹನ್ನೊಂದನೇ ಶತಮಾನದ ಹೊತ್ತಿಗೆ ಇದು ಜಯದೇವ ಎಂಬ ಗಣಿತಜ್ಞನಿಗೆ ಗೊತ್ತಿತ್ತು. 1073ರಲ್ಲಿ ಉದಯದಿವಾಕರ ಬರೆದ ಟೀಕೆಯಲ್ಲಿ ಜಯದೇವನ ಶ್ಲೋಕಗಳು ಉಳಿದಿರುವುದನ್ನು 1954ರಲ್ಲಿ ಕೃಪಾಶಂಕರ ಶುಕ್ಲ ಬೆಳಕಿಗೆ ತಂದರು. ಅದಕ್ಕೂ ಮುಂಚೆ ಚಕ್ರವಾಲದ ಕೀರ್ತಿಯೆಲ್ಲ ಭಾಸ್ಕರನದೇ ಆಗಿತ್ತು.

ಭಾಸ್ಕರನ ಲೆಕ್ಕವನ್ನು ಹೆಜ್ಜೆ ಹೆಜ್ಜೆಯಾಗಿ ನೋಡುವುದು ಸಾರ್ಥಕ, ಏಕೆಂದರೆ ಅದು ಅಚ್ಚರಿಯಾಗುವಷ್ಟು ಚಿಕ್ಕದು. 61ಕ್ಕೆ ಹತ್ತಿರದ ವರ್ಗ 64. ಆದ್ದರಿಂದ ಕನಿಷ್ಠ 1, ಜ್ಯೇಷ್ಠ 8, ಕ್ಷೇಪ 3 ಎಂದು ಆರಂಭ. ಈಗ ಒಂದು ಗುಣಕ ಬೇಕು. ಕನಿಷ್ಠವನ್ನು ಅದರಿಂದ ಗುಣಿಸಿ ಜ್ಯೇಷ್ಠವನ್ನು ಕೂಡಿಸಿದರೆ ಕ್ಷೇಪದಿಂದ ನಿಶ್ಶೇಷವಾಗಿ ಭಾಗವಾಗಬೇಕು. ಜೊತೆಗೆ ಗುಣಕದ ವರ್ಗ 61ಕ್ಕೆ ಆದಷ್ಟು ಹತ್ತಿರ ಇರಬೇಕು. 7 ಸರಿಹೋಗುತ್ತದೆ: 7ಕ್ಕೆ 8 ಕೂಡಿಸಿದರೆ 15, ಅದನ್ನು 3ರಿಂದ ಭಾಗಿಸಿದರೆ 5. ಇದು ಹೊಸ ಕನಿಷ್ಠ. 7ರ ವರ್ಗ 49, 61ಕ್ಕಿಂತ 12 ಕಡಿಮೆ; 12ನ್ನು 3ರಿಂದ ಭಾಗಿಸಿದರೆ ಹೊಸ ಕ್ಷೇಪ ಋಣ 4. ಹೊಸ ಜ್ಯೇಷ್ಠ 39. ತಾಳೆ ನೋಡಿದರೆ 39ರ ವರ್ಗ 1521, 5ರ ವರ್ಗದ 61 ಪಟ್ಟು 1525, ವ್ಯತ್ಯಾಸ ನಾಲ್ಕೇ.

ಇಲ್ಲಿಗೆ ಚಕ್ರ ನಿಲ್ಲಬಹುದು. ಕ್ಷೇಪ ನಾಲ್ಕಕ್ಕೆ ಇಳಿದಾಗ ಏನು ಮಾಡಬೇಕೆಂದು ಬ್ರಹ್ಮಗುಪ್ತ ಐದು ಶತಮಾನ ಮೊದಲೇ ಹೇಳಿಟ್ಟಿದ್ದ. ಭಾಸ್ಕರ ಎಲ್ಲವನ್ನೂ ಅರ್ಧ ಮಾಡುತ್ತಾನೆ: ಐದರ ಅರ್ಧ, ಮೂವತ್ತೊಂಬತ್ತರ ಅರ್ಧ, ಕ್ಷೇಪ ಋಣ 1. ಇದನ್ನು ಅದರೊಂದಿಗೇ ಬೆಸೆದರೆ 195ರ ಅರ್ಧ ಮತ್ತು 1523ರ ಅರ್ಧ, ಕ್ಷೇಪ 1. ಆದರೆ ಇವು ಪೂರ್ಣಸಂಖ್ಯೆಗಳಲ್ಲ. ಮತ್ತೆ ಮೊದಲಿನದರೊಂದಿಗೆ ಬೆಸೆದರೆ ಭಿನ್ನಗಳು ಕರಗಿ 3805 ಮತ್ತು 29718 ಉಳಿಯುತ್ತವೆ, ಕ್ಷೇಪ ಋಣ 1. ಇದನ್ನು ಅದರೊಂದಿಗೇ ಇನ್ನೊಮ್ಮೆ ಬೆಸೆದರೆ 226153980 ಮತ್ತು 1766319049, ಕ್ಷೇಪ 1. ಲೆಕ್ಕ ಮುಗಿಯಿತು.

ಈ ಇಡೀ ಪ್ರಯಾಣ ಉತ್ತರದೊಳಗೆ ಉಳಿದುಕೊಂಡಿದೆ. ನಡುವೆ ಬಂದ 1523 ಎಂಬ ಅವಿಭಾಜ್ಯವೇ ಅಂತಿಮ ಸಂಖ್ಯೆಯ ನಾಲ್ಕು ಅಪವರ್ತನಗಳಲ್ಲಿ ಒಂದು. 39ರ ವರ್ಗಕ್ಕೆ 2 ಕೂಡಿಸಿದರೆ 1523. 1523ರ ವರ್ಗದಿಂದ 3 ಕಳೆದು ಅರ್ಧ ಮಾಡಿದರೆ 1159763. ಇವೆರಡನ್ನೂ ಗುಣಿಸಿದರೆ 1766319049. ಅಂದರೆ ಈ ಹತ್ತು ಅಂಕಿಗಳ ಸಂಖ್ಯೆ 39 ಎಂಬ ಒಂದೇ ಬೀಜದಿಂದ ಮೊಳೆತದ್ದು. ಕನಿಷ್ಠಮೂಲವೂ ಹಾಗೆಯೇ: 195ನ್ನು 1159764ರಿಂದ ಗುಣಿಸಿದರೆ ಅದು ಸಿಗುತ್ತದೆ, ಮತ್ತು 195 ಎಂದರೆ 39ರ ಐದು ಪಟ್ಟು. ಬ್ರಹ್ಮಗುಪ್ತನ ಅಡ್ಡದಾರಿಯನ್ನು ಬಳಸದೆ ಚಕ್ರವಾಲವನ್ನೇ ಕೊನೆಯವರೆಗೆ ತಿರುಗಿಸಿದರೂ 1, 8, 3ರ ಆರಂಭವೂ ಸೇರಿ ಹದಿನಾಲ್ಕು ಸಾಲುಗಳಲ್ಲಿ ಉತ್ತರ ಬರುತ್ತದೆ. ಏಳನೇ ಸಾಲಿನಲ್ಲಿ 29718 ಸಿಗುತ್ತದೆ. ಯುರೋಪಿನ ಪ್ರಸಿದ್ಧ ವಿಧಾನವಾದ ಸರಳ ಸತತ ಭಿನ್ನರಾಶಿಗೆ ಇದೇ ಕೆಲಸಕ್ಕೆ 22 ಹಂತ ಬೇಕು, ಏಕೆಂದರೆ 61ರ ವರ್ಗಮೂಲದ ಸತತ ಭಿನ್ನರಾಶಿ 11 ಹೆಜ್ಜೆಗೊಮ್ಮೆ ಮರುಕಳಿಸುತ್ತದೆ, ಮತ್ತು 11 ಬೆಸವಾದ್ದರಿಂದ ಎರಡು ಸುತ್ತು ತಿರುಗಬೇಕಾಗುತ್ತದೆ.

ಭಾಸ್ಕರ ಗೆಳೆಯನೊಬ್ಬನನ್ನು ಕರೆದು ಕೇಳುವಂತೆ ಒಂದೇ ಶ್ಲೋಕದಲ್ಲಿ 67 ಮತ್ತು 61 ಎರಡನ್ನೂ ಇಟ್ಟಿದ್ದಾನೆ. 67ರ ಉತ್ತರ 5967 ಮತ್ತು 48842. ಗೆಳೆಯ ಅದನ್ನು ಬಿಡಿಸಿ ಉಸಿರು ಬಿಡುವಷ್ಟರಲ್ಲಿ 61 ಕಾದಿರುತ್ತದೆ. ಪಾಠ ಹೇಳುವವನ ಕೈಚಳಕ ಇಲ್ಲಿ ಕಾಣುತ್ತದೆ. ತನ್ನ ಊರು ಸಹ್ಯಾದ್ರಿ ಸೀಮೆಯ ವಿಜ್ಜಡವಿಡ ಎಂದು ಭಾಸ್ಕರನೇ ಬರೆದುಕೊಂಡಿದ್ದಾನೆ. ಅದನ್ನು ನಮ್ಮ ವಿಜಯಪುರ ಎಂದು ಗುರುತಿಸುವ ಪರಂಪರೆ ಕನ್ನಡದಲ್ಲಿ ಬಲವಾಗಿದೆ. ಮಹಾರಾಷ್ಟ್ರದ ಚಾಳೀಸಗಾಂವ್ ಬಳಿಯ ಪಾಟಣದ ಕಡೆ ಬೆರಳು ತೋರಿಸುವವರೂ ಇದ್ದಾರೆ, ಏಕೆಂದರೆ ಭಾಸ್ಕರನ ಗ್ರಂಥಗಳ ಪಾಠಕ್ಕಾಗಿ ಮೊಮ್ಮಗ ಚಾಂಗದೇವ ಮಠ ಸ್ಥಾಪಿಸಿದ ಶಾಸನ ಸಿಕ್ಕಿದ್ದು ಅಲ್ಲಿ.

ಹೆನ್ರಿ ಥಾಮಸ್ ಕೋಲ್‌ಬ್ರೂಕ್ ಈಸ್ಟ್ ಇಂಡಿಯಾ ಕಂಪನಿಯ ನೌಕರನಾಗಿ ಬಂಗಾಳಕ್ಕೆ ಬಂದವನು. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಅವನು ಕಲ್ಕತ್ತಾದ ಸದರ್ ದಿವಾನಿ ಅದಾಲತ್‌ನ ನ್ಯಾಯಾಧೀಶ, ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಸಂಸ್ಕೃತ ಮತ್ತು ಹಿಂದೂ ಕಾನೂನಿನ ಪ್ರಾಧ್ಯಾಪಕ, ಮುಂದೆ ಏಷ್ಯಾಟಿಕ್ ಸೊಸೈಟಿಯ ಅಧ್ಯಕ್ಷ. ವಿಲಿಯಂ ಜೋನ್ಸ್ 1784ರ ಜನವರಿಯಲ್ಲಿ ಕಟ್ಟಿದ ಆ ಸೊಸೈಟಿಯ ಪತ್ರಿಕೆ ಏಷ್ಯಾಟಿಕ್ ರಿಸರ್ಚಸ್‌ನಲ್ಲಿ ಭಾರತೀಯ ಖಗೋಳ, ಗಣಿತಗಳ ಚರ್ಚೆ ಮೊದಲ ಸಂಪುಟಗಳಿಂದಲೇ ಇತ್ತು. ರೂಬೆನ್ ಬರೋ 1790ರಲ್ಲಿ ದ್ವಿಪದ ಪ್ರಮೇಯ ಹಿಂದೂಗಳಿಗೆ ಗೊತ್ತಿತ್ತೆಂದು ವಾದಿಸಿದ್ದು ಅಲ್ಲೇ. ಕೋಲ್‌ಬ್ರೂಕ್ ಹಸ್ತಪ್ರತಿಗಳನ್ನು ಕೂಡಿಹಾಕಿದ ಬಗೆ ಬೇರೆಯೇ. ಮೂಲ ಶ್ಲೋಕಗಳಷ್ಟೇ ಸಾಲದೆಂದು ಅವನಿಗೆ ಗೊತ್ತಿತ್ತು. ಗಣೇಶ, ಸೂರ್ಯದಾಸ, ಕೃಷ್ಣ ದೈವಜ್ಞ, ರಂಗನಾಥ ಮುಂತಾದ ಟೀಕಾಕಾರರನ್ನೂ ಜೊತೆಯಲ್ಲಿ ಇಟ್ಟುಕೊಂಡು ಓದಿದ. ಸೂತ್ರರೂಪದ ಶ್ಲೋಕದಲ್ಲಿ ಬಿಟ್ಟುಹೋದ ಹೆಜ್ಜೆಗಳು ಟೀಕೆಗಳಲ್ಲಿ ಸಿಗುತ್ತವೆ. ಬಂಗಾಳದ ಪಂಡಿತರ ನೆರವಿಲ್ಲದೆ ಈ ಓದು ಸಾಧ್ಯವೇ ಇರಲಿಲ್ಲ.

ಅವನ ಅನುವಾದ ಲಂಡನ್ನಿನಲ್ಲಿ 1817ರಲ್ಲಿ ಅಚ್ಚಾಯಿತು. ಬ್ರಹ್ಮಗುಪ್ತನ ಗಣಿತಾಧ್ಯಾಯ ಮತ್ತು ಕುಟ್ಟಕಾಧ್ಯಾಯ, ಭಾಸ್ಕರನ ಲೀಲಾವತಿ ಮತ್ತು ಬೀಜಗಣಿತ ಒಂದೇ ಸಂಪುಟದಲ್ಲಿ ಬಂದವು. 61ರ ಲೆಕ್ಕ ಅದರ ಎಲ್ಲ ಹಂತಗಳೊಂದಿಗೆ ಅದರಲ್ಲಿದೆ. ನಾಲ್ಕು ವರ್ಷ ಮೊದಲು ಬಂಗಾಳದ ಇನ್ನೊಬ್ಬ ಅಧಿಕಾರಿ ಎಡ್ವರ್ಡ್ ಸ್ಟ್ರೇಚಿ, ಹದಿನೇಳನೇ ಶತಮಾನದ ಪಾರಸಿ ಭಾಷಾಂತರದಿಂದ ಬೀಜಗಣಿತವನ್ನು ಇಂಗ್ಲಿಷಿಗೆ ತಂದಿದ್ದ. ಆದರೆ ಸಂಸ್ಕೃತದಿಂದ ನೇರವಾಗಿ, ಟೀಕೆಗಳ ಆಧಾರದೊಂದಿಗೆ ಬಂದದ್ದು ಕೋಲ್‌ಬ್ರೂಕನದೇ. ಮುನ್ನುಡಿಯ ದೀರ್ಘ ಪ್ರಬಂಧದಲ್ಲಿ ಅವನು ಭಾರತೀಯರ ಈ ವಿಧಾನವನ್ನು ಯುರೋಪಿನ ಬ್ರೌಂಕರ್, ಆಯ್ಲರ್, ಲಗ್ರಾಂಜ್ ಅವರ ಕೆಲಸದ ಪಕ್ಕದಲ್ಲಿಟ್ಟು ತೂಗಿದ. 1830ರ ದಶಕದಲ್ಲಿ ಲೀಲಾವತಿ, ಬೀಜಗಣಿತಗಳ ಸಂಸ್ಕೃತ ಮೂಲಗಳೂ ಕಲ್ಕತ್ತಾದಲ್ಲೇ ಮುದ್ರಣಗೊಂಡವು. ಅಲ್ಲಿಯವರೆಗೆ ತಾಳೆಗರಿ, ಕಾಗದದ ಪ್ರತಿಗಳಲ್ಲಿ ಕೈಯಿಂದ ಕೈಗೆ ಹೋಗುತ್ತಿದ್ದ ಸಂಖ್ಯೆ ಅಚ್ಚಿನ ಮೊಳೆಗೆ ಇಳಿಯಿತು.

ಯುರೋಪಿನ ಓದುಗರನ್ನು ಬೆಚ್ಚಿಬೀಳಿಸಿದ್ದು 61ರ ಆಯ್ಕೆಯೇ. 1657ರ ಫೆಬ್ರವರಿಯಲ್ಲಿ ಪಿಯೆರ್ ದ ಫರ್ಮಾ ತನ್ನ ಮಿತ್ರ ಫ್ರೆನಿಕ್ಲ್‌ಗೆ ಬರೆದ ಪತ್ರದಲ್ಲಿ ಇದೇ ಪ್ರಶ್ನೆಯನ್ನು ಕೇಳಿದ್ದ. ಹೆಚ್ಚು ತೊಂದರೆಯಾಗದಿರಲಿ ಎಂದು ಚಿಕ್ಕ ಪ್ರಕೃತಿಗಳನ್ನೇ ಕೊಡುವುದಾಗಿ ಹೇಳಿ 61 ಮತ್ತು 109ನ್ನು ಸೂಚಿಸಿದ್ದ. ಭಾಸ್ಕರನ ಗ್ರಂಥಕ್ಕೂ ಫರ್ಮಾನ ಪತ್ರಕ್ಕೂ ನಡುವೆ 507 ವರ್ಷ. ಒಬ್ಬರ ಕೆಲಸ ಇನ್ನೊಬ್ಬರಿಗೆ ತಲುಪಿದ ಕುರುಹಿಲ್ಲ. ಇಬ್ಬರೂ 61ನ್ನೇ ಆರಿಸಿದ್ದನ್ನು ಕಾಕತಾಳೀಯ ಎಂದು ತಳ್ಳಿಹಾಕುವವರಿದ್ದಾರೆ. ಆದರೆ 61 ಮತ್ತು 109 ಎರಡೂ ದಾಖಲೆ ಮುರಿಯುವ ಪ್ರಕೃತಿಗಳು ಎಂಬುದನ್ನು ನೆನೆದರೆ ಕಾರಣ ಸ್ಪಷ್ಟ: ನೋಡಲು ಚಿಕ್ಕದಾಗಿದ್ದು ಬಿಡಿಸಲು ಅತಿ ಕಷ್ಟವಾದದ್ದನ್ನು ಹುಡುಕಿದವರು ಸಹಜವಾಗಿಯೇ 61ಕ್ಕೆ ಬಂದು ನಿಲ್ಲುತ್ತಾರೆ. ಹಾಗೆ ಆರಿಸಲು ಸುತ್ತಮುತ್ತಲಿನ ಪ್ರಕೃತಿಗಳನ್ನೆಲ್ಲ ಬಿಡಿಸಿ ನೋಡಿರಬೇಕು. ಭಾಸ್ಕರನ ಒಂದು ಉದಾಹರಣೆಯ ಹಿಂದೆ ಹಲವು ಅಲಿಖಿತ ಲೆಕ್ಕಗಳು ಇವೆ ಎಂಬುದನ್ನು ಈ ಆಯ್ಕೆ ಹೇಳುತ್ತದೆ.

ಇಂಗ್ಲೆಂಡಿನ ವಿಲಿಯಂ ಬ್ರೌಂಕರ್ ಸವಾಲನ್ನು ಗೆದ್ದ. ಫ್ರೆನಿಕ್ಲ್ ಇನ್ನೂ ಕಠಿಣವಾದ 313ನ್ನು ಮುಂದಿಟ್ಟಾಗ ಬ್ರೌಂಕರ್ ಕೊಟ್ಟ ಉತ್ತರದಲ್ಲಿ ಜ್ಯೇಷ್ಠಮೂಲ 32188120829134849. ಆಯ್ಲರ್ ಈ ಬಗೆಯ ಸಮೀಕರಣಕ್ಕೆ ತಪ್ಪು ನೆನಪಿನಿಂದ ಜಾನ್ ಪೆಲ್‌ನ ಹೆಸರಿಟ್ಟ, ಅದೇ ಉಳಿದುಹೋಯಿತು. ಪಠ್ಯಪುಸ್ತಕಗಳಲ್ಲಿ ಇಂದಿಗೂ ಇದು ಪೆಲ್ ಸಮೀಕರಣ. ಪ್ರತಿ ಪ್ರಕೃತಿಗೂ ಉತ್ತರ ಇದ್ದೇ ಇದೆ ಎಂಬುದನ್ನು ಲಗ್ರಾಂಜ್ 1760ರ ದಶಕದ ಕೊನೆಗೆ ಸಾಧಿಸಿದ. ಪ್ರಕೃತಿ ಪೂರ್ಣವರ್ಗವಾಗಿರಬಾರದು ಎಂಬುದಷ್ಟೇ ಷರತ್ತು. ಮನರಂಜನೆಯ ಗಣಿತಕ್ಕೂ ಈ ಸಂಖ್ಯೆ ಇಳಿದಿದೆ. ಹೆನ್ರಿ ಡ್ಯೂಡ್ನಿ 1917ರ ತನ್ನ ಒಗಟಿನ ಪುಸ್ತಕದಲ್ಲಿ ಹೇಸ್ಟಿಂಗ್ಸ್ ಕದನದ ಕಥೆ ಕಟ್ಟಿದ: ಹೆರಾಲ್ಡ್ ರಾಜನ ಸೈನಿಕರು 61 ಸಮ ಚೌಕಗಳಲ್ಲಿ ನಿಂತಿದ್ದಾರೆ, ರಾಜನೂ ಬಂದು ಸೇರಿದರೆ ಒಂದೇ ದೊಡ್ಡ ಚೌಕವಾಗುತ್ತದೆ. ಸೈನಿಕರು ಕನಿಷ್ಠ ಎಷ್ಟು? ಮೇಲೆ ಬರೆದ ಹತ್ತೊಂಬತ್ತು ಅಂಕಿಗಳ 3119882982860264400 ಅದರ ಉತ್ತರ. ಭೂಮಿಯ ಮೇಲೆ ಅಷ್ಟು ಜನಕ್ಕೆ ನಿಲ್ಲಲು ಜಾಗವಿಲ್ಲ.

ಇಪ್ಪತ್ತನೇ ಶತಮಾನದಲ್ಲಿ ಕಲ್ಕತ್ತಾ ಮತ್ತೆ ಈ ವಿಷಯದ ಕೇಂದ್ರವಾಯಿತು, ಈ ಬಾರಿ ಭಾರತೀಯರ ಕೈಯಲ್ಲಿ. ಅಶುತೋಷ ಮುಖರ್ಜಿಯವರ ಅಧ್ಯಕ್ಷತೆಯಲ್ಲಿ 1908ರಲ್ಲಿ ಹುಟ್ಟಿದ ಕಲ್ಕತ್ತಾ ಮ್ಯಾಥಮೆಟಿಕಲ್ ಸೊಸೈಟಿಯ ಬುಲೆಟಿನ್‌ನಲ್ಲಿ ವಿಭೂತಿಭೂಷಣ ದತ್ತರು 1920ರ ದಶಕದಲ್ಲಿ ಹಳೆಯ ಗಣಿತದ ಬಗ್ಗೆ ಒಂದರ ಹಿಂದೊಂದು ಲೇಖನ ಬರೆದರು. ನಮ್ಮ ಮಹಾವೀರಾಚಾರ್ಯನ ತ್ರಿಭುಜ, ಚತುರ್ಭುಜಗಳ ಮೇಲಿನದೂ ಅವುಗಳಲ್ಲಿ ಒಂದು. ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಆಧುನಿಕ ಗಣಿತ ಕಲಿಸುತ್ತಿದ್ದವರು ಅವರು. ಸಂಸ್ಕೃತ ಮೂಲ ಮತ್ತು ಹೊಸ ಗಣಿತ ಎರಡನ್ನೂ ಬಲ್ಲವರ ಬರಹದ ಬಿಗಿ ಆ ಲೇಖನಗಳಲ್ಲಿದೆ. ಅವಧೇಶ್ ನಾರಾಯಣ ಸಿಂಗ್ ಅವರೊಂದಿಗೆ ದತ್ತರು ಬರೆದ ಹಿಂದೂ ಗಣಿತದ ಇತಿಹಾಸ ಎರಡು ಭಾಗಗಳಲ್ಲಿ 1935 ಮತ್ತು 1938ರಲ್ಲಿ ಬಂತು. ಬೀಜಗಣಿತಕ್ಕೆ ಮೀಸಲಾದ ಎರಡನೇ ಭಾಗದಲ್ಲಿ ವರ್ಗಪ್ರಕೃತಿ, ಭಾವನಾ, ಚಕ್ರವಾಲಗಳಿಗೆ ದೊರೆತ ವಿವರಣೆ ಇಂದಿಗೂ ವಿದ್ಯಾರ್ಥಿಗಳು ಮೊದಲು ತೆರೆಯುವ ಪುಟಗಳು. ದತ್ತರು ಅಷ್ಟು ಹೊತ್ತಿಗೆ ವಿಶ್ವವಿದ್ಯಾಲಯವನ್ನು ಬಿಟ್ಟಿದ್ದರು. ಸನ್ಯಾಸ ಸ್ವೀಕರಿಸಿ ಸ್ವಾಮಿ ವಿದ್ಯಾರಣ್ಯ ಎಂಬ, ಕನ್ನಡಿಗರಿಗೆ ಬೇರೆ ನೆನಪು ತರುವ ಹೆಸರಿನಲ್ಲಿ, ಪುಷ್ಕರದಲ್ಲಿ ಕೊನೆಯ ವರ್ಷಗಳನ್ನು ಕಳೆದರು. 1958ರಲ್ಲಿ ತೀರಿಕೊಂಡರು.

ಒಂದು ಪ್ರಶ್ನೆ ಮಾತ್ರ ಉಳಿದಿತ್ತು. ಚಕ್ರವಾಲ 61ರಲ್ಲಿ ಕೆಲಸ ಮಾಡುತ್ತದೆ, 67ರಲ್ಲಿ ಮಾಡುತ್ತದೆ. ಎಲ್ಲ ಪ್ರಕೃತಿಗಳಲ್ಲೂ ಕ್ಷೇಪ ಕಡೆಗೆ ಒಂದಕ್ಕೆ ಇಳಿಯುತ್ತದೆಂದು ಏನು ಖಾತ್ರಿ? ಭಾಸ್ಕರ ಸಾಧನೆ ಬರೆದಿಲ್ಲ. ಈ ಕಾರಣಕ್ಕೆ ಲಗ್ರಾಂಜನ ಮುಂದೆ ಅವನದು ಬರೀ ಕೈಗುಣದ ಲೆಕ್ಕ ಎಂದು ಹೇಳಲು ಅವಕಾಶವಿತ್ತು. ಮೈಸೂರು ವಿಶ್ವವಿದ್ಯಾಲಯದ ಗಣಿತ ಪ್ರಾಧ್ಯಾಪಕ ಎ.ಎ. ಕೃಷ್ಣಸ್ವಾಮಿ ಅಯ್ಯಂಗಾರ್ (1892–1953) ಆ ಅವಕಾಶವನ್ನು ಮುಚ್ಚಿದರು. ಇಂಡಿಯನ್ ಮ್ಯಾಥಮೆಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ 1929–30ರಲ್ಲಿ ಪ್ರಕಟವಾದ ಲೇಖನದಲ್ಲಿ ಅವರು ಭಾಸ್ಕರನ ನಿಯಮವನ್ನು ಅವನು ಹೇಳಿದಂತೆಯೇ ತೆಗೆದುಕೊಂಡು, ಕ್ಷೇಪಗಳು ಒಂದು ಮಿತಿಯೊಳಗೇ ಉಳಿಯುತ್ತವೆ, ಮರುಕಳಿಸುತ್ತವೆ, ಚಕ್ರ ಒಂದಕ್ಕೆ ಬಂದೇ ಬರುತ್ತದೆ ಎಂದು ತೋರಿಸಿದರು. ಗುಣಕದ ವರ್ಗ ಪ್ರಕೃತಿಗೆ ಅತಿ ಹತ್ತಿರ ಇರಬೇಕು ಎಂಬ ನಿಯಮವೇ ಚಕ್ರವಾಲದ ಜೀವಾಳ. ಅದರಿಂದಲೇ ಕ್ಷೇಪಗಳು ಬೆಳೆಯದೆ ಹಿಡಿತದಲ್ಲಿರುತ್ತವೆ. 1938ರಲ್ಲಿ ಕರೆಂಟ್ ಸೈನ್ಸ್‌ನಲ್ಲಿ, ಆಮೇಲೆ ಮೈಸೂರು ವಿಶ್ವವಿದ್ಯಾಲಯದ ಅರ್ಧವಾರ್ಷಿಕ ಪತ್ರಿಕೆಯಲ್ಲಿ ಅವರು ಇದನ್ನು ಮುಂದುವರಿಸಿ, ಸಮೀಪವರ್ಗ ಸತತ ಭಿನ್ನರಾಶಿ ಎಂಬ ಹೊಸ ಸಿದ್ಧಾಂತವನ್ನೇ ಕಟ್ಟಿದರು. ಭಾಸ್ಕರನ ಹದಿನಾಲ್ಕು ಸಾಲುಗಳು ಯುರೋಪಿನ 22ಕ್ಕಿಂತ ಏಕೆ ಕಡಿಮೆ ಎಂಬುದಕ್ಕೆ ಉತ್ತರ ಅಲ್ಲಿದೆ.

ಕೃಷ್ಣಸ್ವಾಮಿ ಅಯ್ಯಂಗಾರರ ಹೆಸರು ಕನ್ನಡ ಸಾಹಿತ್ಯದ ಓದುಗರಿಗೆ ಇನ್ನೊಂದು ದಾರಿಯಿಂದ ಪರಿಚಿತ. ‘ಹೊಕ್ಕುಳಲ್ಲಿ ಹೂವಿಲ್ಲ’ ಬರೆದ ಕವಿ ಎ.ಕೆ. ರಾಮಾನುಜನ್ ಅವರ ಮಗ, 1929ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಧೋತರದ ಮೇಲೆ ಕೋಟು ತೊಟ್ಟು, ಖಗೋಳಶಾಸ್ತ್ರವನ್ನೂ ಜ್ಯೋತಿಷ್ಯವನ್ನೂ ಒಟ್ಟಿಗೆ ಬಾಳಿಸುತ್ತಿದ್ದ ತಂದೆಯ ಚಿತ್ರ ರಾಮಾನುಜನ್ ಅವರ ಪ್ರಸಿದ್ಧ ಇಂಗ್ಲಿಷ್ ಪ್ರಬಂಧವೊಂದರಲ್ಲಿದೆ. ಅದನ್ನು ಓದಿದ ಅನೇಕರಿಗೆ ಆ ತಂದೆ ಚಕ್ರವಾಲದ ಸಾಧನೆಯನ್ನು ಕೊಟ್ಟವರು ಎಂಬುದು ತಿಳಿದಿಲ್ಲ, ಇದು ವಿಷಾದದ ಸಂಗತಿ. ಮೈಸೂರಿನ ಪತ್ರಿಕೆಯ ಆ ಲೇಖನಗಳು ಬಹುಕಾಲ ಗಣಿತಲೋಕದ ಕಣ್ಣಿಗೆ ಬೀಳಲಿಲ್ಲ. ಕ್ಲಾಸ್-ಉಲೋಫ್ ಸೆಲೆನಿಯಸ್ 1975ರಲ್ಲಿ ಚಕ್ರವಾಲದ ತರ್ಕವನ್ನು ವಿವರಿಸುವ ಲೇಖನ ಬರೆದ ಮೇಲೆ ಆಸಕ್ತಿ ಹೆಚ್ಚಿತು. ಆಸ್ಟ್ರೇಲಿಯಾದ ಕೀತ್ ಮ್ಯಾಥ್ಯೂಸ್ ಮತ್ತು ಸಂಗಡಿಗರು ಅಯ್ಯಂಗಾರರ ಭಿನ್ನರಾಶಿಯನ್ನು ಮತ್ತೆ ಕೈಗೆತ್ತಿಕೊಂಡರು.

ವರ್ಗಪ್ರಕೃತಿಯ ಒಂದು ಉತ್ತರ ಸಿಕ್ಕರೆ ಅನಂತ ಉತ್ತರಗಳು ಸಿಕ್ಕಂತೆ. 1766319049ರ ವರ್ಗದ ಎರಡರಷ್ಟರಿಂದ ಒಂದು ಕಳೆದರೆ 61ರ ಎರಡನೇ ಜ್ಯೇಷ್ಠಮೂಲ ಬರುತ್ತದೆ: 6239765965720528801. ಮೂರನೆಯದಕ್ಕೆ 29 ಅಂಕಿಗಳು. ಪ್ರಕೃತಿ ದೊಡ್ಡದಾದಂತೆ ಮೊದಲ ಉತ್ತರವೇ ಕೈಮೀರುತ್ತದೆ. ಆರ್ಕಿಮಿಡೀಸನ ಹೆಸರಿನಲ್ಲಿ ಬಂದ ಹಸುಗಳ ಒಗಟು ಕೊನೆಗೆ ಇದೇ ಬಗೆಯ ಲೆಕ್ಕಕ್ಕೆ ಇಳಿಯುತ್ತದೆ, ಅಲ್ಲಿ ದನಗಳ ಒಟ್ಟು ಸಂಖ್ಯೆಗೆ 206545 ಅಂಕಿಗಳು. ಅದನ್ನು ಪೂರ್ತಿಯಾಗಿ ಕಂಡುಹಿಡಿಯಲು 1965ರ ಕಂಪ್ಯೂಟರ್ ಬೇಕಾಯಿತು. ಪ್ರಕೃತಿ ತೀರಾ ದೊಡ್ಡದಾದಾಗ ಉತ್ತರವನ್ನು ವೇಗವಾಗಿ ಹಿಡಿಯುವ ವಿಧಾನವನ್ನು ಕ್ವಾಂಟಮ್ ಕಂಪ್ಯೂಟರಿಗಾಗಿ ಶಾನ್ ಹಾಲ್‌ಗ್ರೆನ್ 2002ರಲ್ಲಿ ರೂಪಿಸಿದರು. ಸಾಮಾನ್ಯ ಕಂಪ್ಯೂಟರಿಗೆ ಅಷ್ಟು ವೇಗದ ದಾರಿ ಇದುವರೆಗೆ ಸಿಕ್ಕಿಲ್ಲ.